ಸೂತಕಕ್ಕೆ ಮುನ್ನ

ಥೋವಾ ಸತ್ತ ತಾಯಿಯ ಬಾಯಿ ಒರೆಸಿದಳು, ಕುತ್ತಿಗೆಯವರೆಗೆ ಹೊದಿಕೆ ಎಳೆದಳು, ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬಂದಳು. ಅಷ್ಟರಲ್ಲಿ ಗಂಡಿನ ಕಡೆಯವರು ಕಾಲುವೆಯ ದಂಡೆಗೆ ಬಂದಾಗಿತ್ತು. ಕೆಂಪು ಬಟ್ಟೆ ಮುಚ್ಚಿದ ತಟ್ಟೆಗಳು ಒಂದರ ಹಿಂದೊಂದು ದೋಣಿಯಿಂದ ಇಳಿಯುತ್ತಿದ್ದವು.

"ಅಳಬೇಡ ಕಣೇ," ಎಂದು ಚಿಕ್ಕಮ್ಮ ಅವಳ ತೋಳು ಚಿವುಟಿದಳು. "ಮುಖದ ಬಣ್ಣ ಇಳಿಯುತ್ತೆ. ತಲೆಗೆ ಬಿಳಿ ಪಟ್ಟಿ ಕಟ್ಟೋವರೆಗೂ ಈ ಮನೇಲಿ ಯಾರೂ ಸತ್ತಿಲ್ಲ. ತಿಳೀತಾ?"

ತಿಳಿಯದೆ ಏನು! ಪಟ್ಟಿ ಕಟ್ಟಿದರೆ ಮೂರು ವರ್ಷ ಸೂತಕ. ಹೆತ್ತವಳ ಸೂತಕದಲ್ಲಿ ಮಗಳಿಗೆ ಮದುವೆಯಿಲ್ಲ. ಈ ಸಾಡೆಕ್ ಊರಿನಲ್ಲಿ ಎಷ್ಟೋ ಮನೆಯವರು ಹೀಗೆ ಹೆಣವನ್ನು ಒಳಗಿಟ್ಟು, ಮದುವೆ ಮುಗಿಸಿ, ಆಮೇಲೆ ಗಂಟಲು ಬಿಚ್ಚಿ ಅತ್ತಿದ್ದಾರೆ. ಆದರೆ ಅಲ್ಲೆಲ್ಲ ಎರಡೂ ಕಡೆಯವರಿಗೆ ವಿಷಯ ಗೊತ್ತಿರುತ್ತದೆ. ಇಲ್ಲಿ ಗಂಡಿನ ಅಕ್ಕ ದಾವ್‌ಗೆ ಸುಳಿವೂ ಸಿಗಕೂಡದು. ಈ ದಿನ ಗೊತ್ತು ಮಾಡಲು ಮೂವರು ಜ್ಯೋತಿಷಿಗಳನ್ನು ಕೇಳಿದ್ದವಳು ಅವಳು. ಸಾವಿನ ಮನೆಯ ಹೆಣ್ಣು ಎಂದು ತಿಳಿದರೆ ತಮ್ಮನನ್ನು ಎಳೆದುಕೊಂಡು ಮುಂದಿನ ವಿಮಾನ ಹತ್ತುತ್ತಾಳೆ. ಮದುವೆಯಾಗಿ ಕೆನಡಾಕ್ಕೆ ಹೋಗುವ ಮಾತು ಅಲ್ಲಿಗೆ ಮುಗಿಯಿತು.

ಥೋವಾಗೆ ಕೆನಡಾ ಎಂದರೆ ಹಿಮವೂ ಅಲ್ಲ, ಡಾಲರೂ ಅಲ್ಲ. ನಾಲ್ಕು ವರ್ಷ ಅವಳು ಅಮ್ಮನ ಕಫ ಒರೆಸಿದ್ದಳು, ಬಟ್ಟೆ ಬದಲಿಸಿದ್ದಳು, ಹಗಲು ರಾತ್ರಿ ಮಗ್ಗುಲು ತಿರುಗಿಸಿದ್ದಳು. ಅಮ್ಮನೆಂದರೆ ಪ್ರಾಣ. ಆದರೂ ಕೈಗೆ ಹತ್ತಿದ ಆ ವಾಸನೆ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಕ್ಯಾಲ್ಗರಿಯಲ್ಲಿ ದಪ್ಪ ಕೋಟು ತೊಟ್ಟು ಯಾವುದಾದರೂ ಬೇಕರಿಗೆ ಕೆಲಸಕ್ಕೆ ಹೋಗಬೇಕು, ಸಂಜೆ ಬ್ರೆಡ್ಡಿನ ವಾಸನೆ ಹೊತ್ತು ಮನೆಗೆ ಬರಬೇಕು. ಅವಳ ಆಸೆ ಇಷ್ಟೇ ಇತ್ತು.

ಗಂಡು ಲುವಾನ್ ಒಳ್ಳೆಯವನು. ನಲವತ್ತು ದಾಟಿದೆ, ನಯವಾದ ಮಾತು. ದಿನಾ ಕ್ಯಾಲ್ಗರಿಯಿಂದ ವಿಡಿಯೊ ಕರೆ ಮಾಡುತ್ತಿದ್ದ. ಅಮ್ಮನಿಗೆ ಗಂಜಿ ಕುಡಿಸುವ ಹೊತ್ತಾದರೆ ಥೋವಾ ನಾಚಿಕೊಂಡು ಫೋನಿಡಲು ಹೋಗುತ್ತಿದ್ದಳು. "ಇಡ್ಬೇಡ, ದಿಂಬಿಗೆ ಒರಗಿಸು. ನೀನು ಕೆಲಸ ಮಾಡ್ತಾನೇ ಮಾತಾಡು, ನೋಡೋಕೆ ಇಷ್ಟ," ಎನ್ನುತ್ತಿದ್ದ. ಹಾಸಿಗೆ ಹಿಡಿದ ತಾಯಿಯನ್ನು ಕಂಡು ಮೂಗು ಮುರಿದು ಎದ್ದುಹೋದ ಗಂಡುಗಳನ್ನು ನೋಡಿದ್ದವಳು, ಆ ಒಂದು ಮಾತಿಗೆ ಸೋತುಹೋದಳು. ವೀಸಾಕ್ಕೆ ಬೇಕಾದದ್ದನ್ನೆಲ್ಲ ಅವನೇ ಓಡಾಡಿ ಹೊಂದಿಸಿದ್ದ. ಬಾಕಿಯಿದ್ದದ್ದು ಮದುವೆ, ಮದುವೆಯ ಫೋಟೋ.

ದಾವ್ ಮಾತ್ರ ಬಂದಾಗಿನಿಂದ ಕಣ್ಣಲ್ಲೇ ಮನೆ ಜಾಲಾಡುತ್ತಿದ್ದಳು. "ನಮ್ಮಮ್ಮನಿಗೆ ಮಂಡಿನೋವು, ವಿಮಾನದಲ್ಲಿ ಕೂರೋಕಾಗಲ್ಲ," ಎಂದು ಹೇಳಿ ಅತ್ತೆಯ ಜಾಗದಲ್ಲಿ ತಾನೇ ನಿಂತು ಹುಡುಗಿಯ ಕಿವಿಗೆ ಓಲೆ ಹಾಕಿದಳು. ಬಳೆ ತೊಡಿಸುವಾಗ ಅವಳ ಅಂಗೈ ತಿರುಗಿಸಿ, ಹೆಬ್ಬೆರಳಿನಿಂದ ಒತ್ತಿ ನೋಡಿದಳು.

"ಕೈ ಗಟ್ಟಿಯಿದೆ. ಅಮ್ಮನ್ನ ಒಬ್ಳೇ ಎತ್ತುತ್ತೀಯಾ?"

"ಹೂಂ ಅಕ್ಕ."

"ಬೆನ್ನು ನೋಯಲ್ವಾ?"

"ಅಭ್ಯಾಸ ಆಗಿದೆ."

ಚಿಕ್ಕಮ್ಮ ಲಗುಬಗೆಯಿಂದ ಟೀ ಬಗ್ಗಿಸಿದಳು. ಈ ಹೆಂಗಸಿಗೆ ಅನುಮಾನ ಬಂದೇಬಿಟ್ಟಿದೆ! ಮಾತು ಮರೆಸಲು ಟೀ ಬಟ್ಟಲು ಮುಂದೆ ಹಿಡಿದಳು. "ನಿಮ್ಮ ಅಂಗಡಿ ಹೇಗಿದೆ? ಉಗುರಿಗೆ ಬಣ್ಣ ಹಚ್ಚೋದ್ರಲ್ಲಿ ಅಲ್ಲಿ ಭಾರಿ ಸಂಪಾದನೆಯಂತೆ?"

"ಮುಚ್ಚಿ ಎಷ್ಟೋ ವರ್ಷ ಆಯ್ತು. ಮನೇಲೇ ಕೆಲಸ ಜಾಸ್ತಿ." ದಾವ್ ಟೀ ಕುಡಿಯಲಿಲ್ಲ. ಬಟ್ಟಲು ಹಿಡಿದುಕೊಂಡೇ ಎದ್ದಳು. "ಮೊದಲ ಬಟ್ಟಲು ಹೆತ್ತವರಿಗೆ. ನಾನೇ ಕೊಟ್ಟು ಬರ್ತೀನಿ."

"ಮಲಗಿದಾರೆ ಕಣ್ರೀ, ಈಗ ಯಾಕೆ..."

"ಮಲಗಿರೋರನ್ನೇ ನಾನು ನೋಡ್ಬೇಕಾಗಿರೋದು."

ಥೋವಾ ಕೆಂಪು ನಿಲುವಂಗಿ ಎತ್ತಿ ಹಿಡಿದು ಹಿಂದೆಯೇ ಓಡಿದಳು. ಅಷ್ಟರಲ್ಲಿ ದಾವ್ ಹಿಂದಿನ ಕೋಣೆಯೊಳಗಿದ್ದಳು. ಮುದುಕಿಯ ಹಣೆ ಮುಟ್ಟಿದ ಕೈ ಅಲ್ಲೇ ನಿಂತಿತ್ತು.

ಥೋವಾ ಬಾಗಿಲು ಹಾಕಿ ಅವಳ ಕಾಲಿಗೆ ಬಿದ್ದಳು. "ಅಕ್ಕಾ, ಬೆಳಗಿನ ಜಾವ ಹೋಗಿಬಿಟ್ರು. ಮುಚ್ಚಿಟ್ಟಿದ್ದು ತಪ್ಪು, ಬೈರಿ, ಹೊಡೀರಿ, ಮದುವೆ ಮಾತ್ರ ನಿಲ್ಲಿಸಬೇಡಿ. ನನ್ನ ಇಲ್ಲಿಂದ ಕರ್ಕೊಂಡು ಹೋಗಿ. ನಂಗೂ ಒಂದು ಬದುಕು ಬೇಕು ಅಕ್ಕಾ!"

ದಾವ್ ಟೀ ಬಟ್ಟಲು ಕೆಳಗಿಟ್ಟಳು. ಹೊದಿಕೆ ಸರಿಸಿದಳು. ಹೆಣವನ್ನು ಮಗ್ಗುಲಿಗೆ ತಿರುಗಿಸಿ, ಅಂಗಿ ಮೇಲೆತ್ತಿ ಬೆನ್ನು ನೋಡಿದಳು. ಸೊಂಟ ನೋಡಿದಳು. ಹಿಮ್ಮಡಿ ನೋಡಿದಳು. ಥೋವಾ ನೆಲದಿಂದಲೇ ತಲೆಯೆತ್ತಿ ನೋಡಿದಳು. ಗಾಯ ಹುಡುಕುತ್ತಿದ್ದಾಳೆಯೇ? ವೀಸಾದ ಆಸೆಗೆ ತಾಯಿಯನ್ನು ತಾನೇ ಮುಗಿಸಿದೆ ಎಂದುಕೊಂಡಳೇ?

"ಹಿರಿಯರಾಣೆ, ನಾನೇನೂ ಮಾಡಿಲ್ಲ ಅಕ್ಕಾ..."

"ನಾಲ್ಕು ವರ್ಷ ಮಲಗಿದ್ದ ಮೈ," ಎಂದಳು ದಾವ್ ನಿಧಾನವಾಗಿ. "ಒಂದು ಹುಣ್ಣಿಲ್ಲ." ಹೊದಿಕೆಯನ್ನು ಮೊದಲಿನಂತೆ ಎಳೆದು ಸರಿಮಾಡಿದಳು. "ಏಳು, ಮುಖ ಒರೆಸ್ಕೋ. ಫೋಟೋದವನು ಕಾಯ್ತಿದ್ದಾನೆ. ನಾನೇನೂ ನೋಡಿಲ್ಲ."

ಥೋವಾಗೆ ನಂಬಲಾಗಲಿಲ್ಲ. ಇಂಥ ದೊಡ್ಡ ಮನಸ್ಸಿನವಳಿಗೆ ಹೆದರಿ ಸತ್ತೆನಲ್ಲ ಎಂದು ನಾಚಿಕೆಯಾಯಿತು. ಅವಳ ಎರಡೂ ಕೈಗಳನ್ನು ಕಣ್ಣಿಗೊತ್ತಿಕೊಂಡು ಬಿಕ್ಕಿದಳು. "ಈ ಉಪಕಾರ ಸಾಯೋವರೆಗೂ ಮರೆಯಲ್ಲ ಅಕ್ಕಾ."

"ಮರೀಬೇಡ," ಎಂದಳು ದಾವ್.

ಗತಿಸಿದ ಹಿರಿಯರ ಪೂಜಾಪೀಠದ ಮುಂದೆ ಊದುಬತ್ತಿ ಹಚ್ಚಿದರು. ಥೋವಾ ಲುವಾನ್‌ನ ಪಕ್ಕ ನಿಂತು ಹಲ್ಲು ಕಾಣುವಂತೆ ನಕ್ಕಳು. ಇಷ್ಟು ಚೆಂದದ ಜೋಡಿಗೆ ವೀಸಾ ಕೊಡದಿದ್ದರೆ ಆ ಅಧಿಕಾರಿಗೆ ಕಣ್ಣಿಲ್ಲ ಎಂದು ಫೋಟೋದವನು ಹೇಳಿದ, ಎಲ್ಲರೂ ನಕ್ಕರು. ಚಿಕ್ಕಮ್ಮನಿಗೂ ಈಗ ಉಸಿರಾಡಲು ಆಯಿತು. ದಾವ್ ಅಂಗಳಕ್ಕಿಳಿದು ಕ್ಯಾಲ್ಗರಿಗೆ ಫೋನು ಮಾಡಿದಳು.

"ಅಮ್ಮಾ, ಕೇಳಿಸ್ತಾ? ಕಣ್ಣಾರೆ ಪರೀಕ್ಷೆ ಮಾಡಿದೆ, ಕೆಲಸ ಅಚ್ಚುಕಟ್ಟು. ವೀಸಾ ಬರೋವರೆಗೆ ತಡ್ಕೋ, ಆಮೇಲೆ ನಿನ್ನ ಹಾಸಿಗೆ ಪಕ್ಕದಲ್ಲೇ ಅವಳ ಮಂಚ ಹಾಕಿಸ್ತೀನಿ, ನಿನ್ನ ಮಗ್ಗುಲು ತಿರುಗಿಸೋದು, ಬಟ್ಟೆ ಬದಲಿಸೋದು ಎಲ್ಲ ಅವಳೇ. ಅವಳಮ್ಮನೂ ಹೋದ್ರು, ವಾಪಸ್ ಓಡಿಹೋಗೋಕೆ ಇನ್ನು ಅವಳಿಗೆ ಯಾರೂ ಇಲ್ಲ."