ಹಾಜರಿ ಕರೆಯುವ ಬೆಳಿಗ್ಗೆ

“ಅವನು ಬಂದಿದ್ದಾನೆ,” ಎಂದರು ಹೆಡ್‌ಮಿಸ್. “ಗೇಟಿನ ಹತ್ತಿರ ನಿಂತಿದ್ದಾನೆ. ಒಳಗೆ ಬರಬಹುದಾ ಅಂತ ಕೇಳ್ತಿದ್ದಾನೆ.”

ಟೈಲರಮ್ಮ ಶಾಲೆಯ ಚಾಪೆಲಿನ ಬಲಿಪೀಠದ ಬಿಳಿ ಬಟ್ಟೆಗೆ ಕೊನೆಯ ಹೊಲಿಗೆ ಹಾಕುತ್ತಿದ್ದಳು. ಸೂಜಿ ಬೆರಳಿಗೆ ಇಳಿಯಿತು. ರಕ್ತ ಬಟ್ಟೆಗೆ ತಾಗದ ಹಾಗೆ ಬೆರಳನ್ನು ದೂರ ಹಿಡಿದು, ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿದಳು. ನೋವಾಗಲಿಲ್ಲ. ಆ ಅಪಘಾತದ ನಂತರ ಅವಳಿಗೆ ಯಾವುದೂ ನೋಯುತ್ತಿರಲಿಲ್ಲ. ಹಸಿವೂ ಅಷ್ಟೆ, ನಿದ್ದೆಯೂ ಅಷ್ಟೆ. ಬದುಕಿದ್ದಾಳೆ ಎಂದು ಬದುಕಿದ್ದಳು.

“ಕೇಳೋದೇನಿದೆ ಮಿಸ್?” ಡ್ರಿಲ್ ಮಾಸ್ತರು ಮೇಣದಬತ್ತಿಗಳ ಪೆಟ್ಟಿಗೆಯನ್ನು ಕುಕ್ಕಿ ಇಟ್ಟರು. “ಬೆನ್ನಿಗೆ ಎರಡು ಬಿಟ್ಟು ಅಟ್ಟಬೇಕು. ಚಿನ್ನದಂಥ ಹುಡುಗನ್ನ ನುಂಗಿ ನೀರು ಕುಡಿದೋನು.”

“ಸುಮ್ನಿರಿ ಮಾಸ್ತರೇ. ಯಾರೆದುರಿಗೆ ಮಾತಾಡ್ತಿದ್ದೀರ ಅಂತ ಜ್ಞಾನ ಬೇಡವಾ?”

ಮಾಸ್ತರು ನಾಲಿಗೆ ಕಚ್ಚಿಕೊಂಡರು. ಟೈಲರಮ್ಮ ಬಟ್ಟೆ ಮಡಚಿದಳು.

“ಬರಲಿ,” ಎಂದಳು. “ದೇವರ ಮನೆಗೆ ಬಾಗಿಲು ಹಾಕೋಕೆ ನಾನ್ಯಾರು? ಕೊನೇ ಬೆಂಚಲ್ಲಿ ಕೂತ್ಕೊಳ್ಳಲಿ. ನನ್ನ ಹತ್ತಿರ ಮಾತ್ರ ಬರೋದು ಬೇಡ.”

ಅವನೂ ಆ ಹುಡುಗನೂ ಇದೇ ಶಾಲೆಯಲ್ಲಿ ಓದಿದವರು. ಒಂದೇ ಬೆಂಚು, ಒಂದೇ ಹಾಸ್ಟೆಲ್ಲು, ಏಟು ತಿಂದರೂ ಜೊತೆಗೇ. ಹುಡುಗ ರಜೆ ಬಂತೆಂದರೆ ಟ್ರಂಕು ಹೊತ್ತು ಟೈಲರಮ್ಮನ ಹೊಸ್ತಿಲಲ್ಲಿ ನಿಂತು, “ಅಮ್ಮಾ, ಹಸಿವು!” ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವುದು ಅವನ ಕೆಲಸ. ಅದರಲ್ಲಿ ಅರ್ಧ ಎಣ್ಣೆ ಅವನ ಅಂಗಿಗೇ ಆಗುತ್ತಿತ್ತು. ಅವಳು ಬೈಯುತ್ತಿದ್ದಳು, ಅವನು ಹಲ್ಲು ಕಿರಿಯುತ್ತಿದ್ದ.

ಈಗ ಗೇಟಿನ ಹತ್ತಿರ ನಿಂತವನು ಅವತ್ತು ಕಾರಿನ ಕೀಲಿ ಕಿತ್ತುಕೊಂಡು ಹೋದದ್ದು ಅವಳ ಕಣ್ಣೆದುರಿಗೇ. “ಕುಡಿದಿದ್ದೀಯ, ಬೇಡ,” ಎಂದು ಬಡಿದುಕೊಂಡಳು. ಕೇಳಬೇಕಲ್ಲ! ತಿರುವಿನಲ್ಲಿ ಕಾರು ಮಗುಚಿತು. ಓಡಿಸಿದವನ ಕೈ ಮುರಿಯಿತು. ಪಕ್ಕದಲ್ಲಿ ಕೂತಿದ್ದ ಹುಡುಗ ಉಳಿಯಲಿಲ್ಲ.

ಕೋರ್ಟಿನ ಮೆಟ್ಟಿಲಲ್ಲಿ ಓಡಿಸಿದವನ ವಕೀಲ ಅವಳಿಗೆ ಕೈಮುಗಿದಿದ್ದ. “ಅವನು ಕುಡಿದಿದ್ದು ಗೊತ್ತಿಲ್ಲ ಅಂದ್ಬಿಡಿ ಅಮ್ಮಾ, ಸಾಕು. ಒಂದು ಜೀವ ಹೋಯ್ತು, ಇನ್ನೊಂದಾದರೂ ಉಳೀಲಿ.” ಟೈಲರಮ್ಮ ಕಟಕಟೆ ಹತ್ತಿ, ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಅವನು ಜೈಲಿಗೆ ಹೋದ. ಕೆಲವರು ಭೇಷ್ ಎಂದರು, ಕೆಲವರು ಕಲ್ಲೆದೆಯವಳು ಎಂದರು. ಊರ ಬಾಯಿ ಮುಚ್ಚಲು ಎಷ್ಟು ಗಜ ಬಟ್ಟೆ ಬೇಕೋ, ಅದು ಟೈಲರಿಗೂ ಗೊತ್ತಿಲ್ಲ. ಜೈಲಿಗೆ ಹೋಗಿ ಒಮ್ಮೆ ಅವನ ಮುಖ ನೋಡಿ ಬಾ ಎಂದು ಫಾದರ್ ಎಷ್ಟೋ ಸಲ ಹೇಳಿದರು. ಅವಳು ಹೋಗಲಿಲ್ಲ.

ಚಾಪೆಲ್ ತುಂಬಿತು. ಹಳೆಯ ವಿದ್ಯಾರ್ಥಿಗಳು ತಮ್ಮ ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು. ಈಸ್ಟರ್ ಬೆಳಿಗ್ಗೆ ಈ ಶಾಲೆಯಲ್ಲೊಂದು ಪದ್ಧತಿ. ತೀರಿಕೊಂಡ ಹಳೆಯ ವಿದ್ಯಾರ್ಥಿಗಳ ಹಾಜರಿಯನ್ನು ಹೆಡ್‌ಮಿಸ್ ಬಾಯಿಪಾಠದಿಂದಲೇ ಕರೆಯುತ್ತಾರೆ. ಆ ಮಗು ಬೆಳೆದ ಮನೆಯವರು ಎದ್ದು ನಿಂತು “ಇದ್ದಾನೆ,” “ಇದ್ದಾಳೆ” ಎನ್ನಬೇಕು. ಯೇಸು ಎದ್ದುಬಂದ, ಸಮಾಧಿಯೇ ಖಾಲಿ ಎಂದು ನಂಬಿದ ಮೇಲೆ ಬೆಂಚು ಖಾಲಿ ಎನ್ನುವುದು ಹೇಗೆ? ಉತ್ತರ ಬರದಿದ್ದರೆ ಆ ಹೆಸರನ್ನು ಮತ್ತೆ ಕರೆಯುವುದಿಲ್ಲ.

ಕಳೆದೆರಡು ಈಸ್ಟರಿನಲ್ಲೂ ಹುಡುಗನ ಹೆಸರು ಬಂದಾಗ ಟೈಲರಮ್ಮ ಎದ್ದು ನಿಂತಿದ್ದಳು. ಮಾತು ಹೊರಡಲಿಲ್ಲ. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಇಲ್ಲದವನನ್ನು ಇದ್ದಾನೆ ಎನ್ನುವುದು ಹೇಗೆ? ಹೆಡ್‌ಮಿಸ್ ಕನಿಕರಪಟ್ಟು ಹೆಸರು ಉಳಿಸಿಕೊಂಡಿದ್ದರು. “ಈ ಸಲ ಏನಾದ್ರೂ ಮಾಡಿ ಹೇಳಿಬಿಡಿ,” ಎಂದು ನಿನ್ನೆ ಕೈ ಹಿಡಿದುಕೊಂಡಿದ್ದರು. “ಇನ್ನು ನನ್ನ ಕೈಲಿ ಆಗೋದಿಲ್ಲ.”

ಹೆಸರುಗಳು ಒಂದೊಂದಾಗಿ ಬಂದವು. ಇದ್ದಾಳೆ. ಇದ್ದಾನೆ. ಇದ್ದಾನೆ.

ಹುಡುಗನ ಹೆಸರು ಬಂತು.

ಟೈಲರಮ್ಮ ಎದ್ದಳು. ಬಾಯಿ ತೆರೆದಳು. ಹೆಡ್‌ಮಿಸ್ ಕಾದರು. ಯಾರೋ ಕೆಮ್ಮಿದರು. ಹೇಳೇ, ಒಂದು ಮಾತು ಹೇಳೇ, ಅಷ್ಟೂ ಆಗುವುದಿಲ್ಲವೇನೇ ಎಂದು ಅವಳು ತನ್ನನ್ನೇ ಶಪಿಸಿಕೊಂಡಳು. ಹೆಡ್‌ಮಿಸ್ ಕಣ್ಣು ಕೆಳಗೆ ಹಾಕಿ ಮುಂದಿನ ಹೆಸರಿಗೆ ಉಸಿರೆಳೆದುಕೊಂಡರು.

“ಇದ್ದಾನೆ.”

ಉತ್ತರ ಕೊನೆಯ ಬೆಂಚಿನಿಂದ ಬಂತು.

ಇಡೀ ಚಾಪೆಲ್ ತಿರುಗಿ ನೋಡಿತು. ಅವನು ಎದ್ದು ನಿಂತಿದ್ದ. ತಲೆ ಬೋಳು, ಅಂಗಿ ದೊಗಲೆ. ಡ್ರಿಲ್ ಮಾಸ್ತರು ಎದ್ದೇಬಿಟ್ಟರು. “ಯಾವ ಬಾಯಲ್ಲಿ ಹೇಳ್ತೀಯೋ?”

“ಕೂತ್ಕೊಳ್ಳಿ ಮಾಸ್ತರೇ,” ಎಂದರು ಹೆಡ್‌ಮಿಸ್. “ಉತ್ತರ ಸರಿಯಾಗೇ ಬಂದಿದೆ.” ಮುಂದಿನ ಹೆಸರನ್ನು ಅವರು ಕರೆಯಲಿಲ್ಲ. ಟೈಲರಮ್ಮ ಆಗಲೇ ಬೆಂಚಿನಿಂದ ಹೊರಗೆ ಬಂದಿದ್ದಳು.

ನಡುವಿನ ದಾರಿಯಲ್ಲಿ ಅವಳು ಹಿಂದಕ್ಕೆ ನಡೆದಳು. ತಾಯಂದಿರು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು. ಅವನು ಕದಲಲಿಲ್ಲ, ಏಟಿಗೆ ಕೆನ್ನೆ ಕೊಟ್ಟವನ ಹಾಗೆ ಕಣ್ಣು ಮುಚ್ಚಿ ನಿಂತ. ಅವಳು ಕೈ ಎತ್ತಿದಳು. ಅಳು ಒತ್ತರಿಸಿ ಬಂತು.

“ಎಷ್ಟು ಸೊರಗಿದ್ದೀಯೋ,” ಎಂದು ಅವನ ಕೆನ್ನೆ ಸವರಿದಳು. ಅವಳು ಬೆಳೆಸಿದ್ದು ಇಬ್ಬರನ್ನು, ಹೆತ್ತದ್ದು ಒಂದೇ ಮಗು, ಅದು ಇವನು.