ಒಂದು ಗೇಣು

ಆಲೂಗಡ್ಡೆ ಹೆಚ್ಚುವಾಗ ಮೊಳಕೆಯೊಡೆದ ಕಣ್ಣೊಂದು ಬೆರಳಿಗೆ ತಾಗಿದರೆ ಈಗಲೂ ನನಗೆ ಒಲೆಬೂದಿಯ ವಾಸನೆ ಬರುತ್ತದೆ.

ಶರಾವತಿಯ ಹಿನ್ನೀರಿನಲ್ಲಿ ಚಿಕ್ಕಮ್ಮನ ತವರೂರು ಮುಳುಗಿದ ಮರುವರ್ಷ ಅದು. ಹೊಸನಗರದ ನಮ್ಮ ಹಿತ್ತಲಲ್ಲಿ ಅವಳು ಬೆಳಗಿನಿಂದ ಅಗೆದು, ಮಣ್ಣು ಏರಿಸಿ, ಉದ್ದುದ್ದ ಮಡಿ ಮಾಡಿದ್ದಳು. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಅಜ್ಜಿ ನೆರಳಲ್ಲಿ ಕೂತು ಬಿತ್ತನೆಗಡ್ಡೆ ಕೊಯ್ದು ತುಂಡುಗಳಿಗೆ ಬೂದಿ ಸವರುತ್ತಿದ್ದಳು. ಕಣ್ಣಿಲ್ಲದ ತುಂಡುಗಳನ್ನು ದನದ ಕಲಗಚ್ಚಿನ ಬಾನಿಗೆ ಎಸೆಯುತ್ತಿದ್ದಳು.

ಚಿಕ್ಕಮ್ಮ ಬುಟ್ಟಿಗೆ ಕೈ ಹಾಕಿದಳು.

"ನೀನು ಮುಟ್ಬೇಡ. ಮಕ್ಕಳಾಗ್ದವಳು ಊರಿದ್ರೆ ಮೊಳಕೆ ಬರಲ್ಲ. ಗುಳಿ ಮಾಡು, ಸಾಕು," ಎಂದ ಅಜ್ಜಿ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟಳು. ಆಮೇಲೆ ಗಡ್ಡೆ ಕೊಯ್ಯುತ್ತಲೇ ಹೇಳಿದಳು: "ನಿನ್ ಅಪ್ಪನ ಮನೆಯವ್ರು ನಿನ್ ತಂಗೀನೂ ಈ ಮನೆಗೇ ಕೊಡಕ್ಕೆ ಒಪ್ಪಿದಾರೆ. ಊರು ಮುಳುಗಿದವ್ರು, ಇನ್ನೇನು ಮಾಡ್ತಾರೆ? ನಿನ್ ಗಂಡನೂ ಹೂಂ ಅಂದಿದಾನೆ."

ಚಿಕ್ಕಮ್ಮ ಮಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಮೊದಲ ಗುಳಿ ಮಾಡಿದಳು. ನಾನು ತುಂಡನ್ನು ಕಣ್ಣು ಮೇಲಾಗಿ ಇಟ್ಟೆ. ಅವಳು ಬಹಳ ಹೊತ್ತು ಅದನ್ನೇ ನೋಡಿದಳು.

"ಅತ್ತೆ, ಎರಡರ ನಡುವೆ ಎಷ್ಟು ಜಾಗ ಬಿಡ್ಲಿ?"

"ಒಂದು ಗೇಣು."

"ಯಾರ ಗೇಣು?"

"ನಿಂದೇ ಸಾಕು. ಮನೆ ಒಳಗೂ ನಿಂಗೆ ಅಷ್ಟೇ ಜಾಗ ಇನ್ನು."

ಚಿಕ್ಕಮ್ಮ ಹೆಬ್ಬೆರಳನ್ನು ಗುಳಿಯ ಅಂಚಿಗೆ ಊರಿ, ಕಿರುಬೆರಳನ್ನು ಮಣ್ಣಿನ ಮೇಲೆ ಚಾಚಿದಳು. ಇನ್ನೂ ಚಾಚಿದಳು. ಬೊಬ್ಬೆ ಒಡೆದು ನೀರು ಬಂತು. ಎಷ್ಟು ಎಳೆದರೂ ಅವಳ ಗೇಣು ಸಣ್ಣದೇ.