ಮೂರನೆಯ ಕೂಗು

ನೀಲವ್ವನ ಗಂಡ ಕಾಣೆಯಾಗಿ ಎಂಟು ವರ್ಷ ತುಂಬಿತ್ತು. ಅವನು ಸತ್ತನೆಂದು ಕೋರ್ಟು ಸಾರಿದರೆ ಅವಳಿಗೆ ಬಿಡುಗಡೆ. ಬಂದು ನಿಂತನೋ, ಮತ್ತೆ ಅದೇ ಬಾರುಕೋಲು, ಅದೇ ಬೆನ್ನು.

"ಪೇಪರಿನ್ಯಾಗ ನೋಟಿಸ್ ಹಾಕ್ಸೀವಿ. ಈಗ ಅವನ ಹೆಸರು ಮೂರು ಸಲ ಕೂಗ್ತಾರ. ಓಗೊಡದಿದ್ರ ಮುಗೀತು," ಎಂದರು ವಕೀಲರು. "ಸಾಹೇಬ್ರ ಮುಂದ ಯಾರೂ ಪಿಟ್ ಅನಬ್ಯಾಡ್ರಿ." ಆಮೇಲೆ ಅತ್ತೆಯ ಕಡೆ ತಿರುಗಿ, "ನೀವು ಹಡದಾಕಿ. ಅಳು ಬಂದ್ರ ನುಂಗ್ಕೋಬೇಕಮ್ಮ," ಎಂದರು.

"ನುಂಗಿ ನುಂಗಿ ರೂಢಿ ಆಗೇತ್ರಿ," ಎಂದಳು ಮುದುಕಿ.

ಜವಾನ ಬಾಗಿಲಿಗೆ ಹೋಗಿ ಕೂಗಿದ: "ಕರಿಬಸಪ್ಪಾ ಬಿನ್ ರುದ್ರಪ್ಪಾ!"

ವರಾಂಡದಲ್ಲಿ ಯಾರೋ ಕೆಮ್ಮಿದರು. ನೀಲವ್ವ ತಟ್ಟನೆ ಬಾಗಿಲ ಕಡೆ ತಿರುಗಿದಳು. ಎರಡನೆಯ ಕೂಗಿಗೆ ಪಕ್ಕಕ್ಕೆ ನೋಡಿದರೆ, ಅತ್ತೆ ಕಣ್ಣು ಮುಚ್ಚಿದ್ದಳು, ತುಟಿ ಅಲುಗುತ್ತಿತ್ತು. ಮಗ ಬರಲೆಂದು ಹರಕೆ ಹೊರುತ್ತಿದ್ದಾಳೋ ಏನೋ!

ಮೂರನೆಯ ಕೂಗು ಎದ್ದಿತು. ಹೊರಗೆ ಚಪ್ಪಲಿಯ ಸದ್ದು ಬಾಗಿಲ ತನಕ ಬಂತು.

"ಬಂದ್ನೇನ್ರೀ ಅತ್ತೀ?" ನೀಲವ್ವ ಮುದುಕಿಯ ಸೆರಗು ಹಿಡಿದಳು.

ಮುದುಕಿ ಸೊಸೆಯ ಕಿವಿಗೆ ಬಾಗಿದಳು.

"ಅಂಜಬ್ಯಾಡ ನನ್ನವ್ವ, ಬರಂಗಿಲ್ಲ. ಅವನ್ನ ನಾನ ಕೈಯಾರೆ ಹುಗದೀನಿ."